ಇಪ್ಪತ್ತೆರಡು ಇಂಚಿನ ಬಾಗಿಲು

ದೂರಚಿಕಿತ್ಸೆಯಲ್ಲಿ ಯಾವುದಕ್ಕೆ ವಿಮೆ ಸಲ್ಲುತ್ತದೆ, ಯಾವುದಕ್ಕಿಲ್ಲ ಎಂದು ನಿರ್ಧರಿಸುವ ಮಾನ್ಯ ಅಧಿಕಾರಿಗಳೇ,

ಮೊದಲು ಸಂಗತಿಗಳು, ಘಟಿಸಿದ ಕ್ರಮದಲ್ಲಿ:

೧. ಆರ್ಫಾ ಬೀಲ್ ಅವರಿಗೆ ಎಪ್ಪತ್ತೆಂಟು ವರ್ಷ, ಪಾರ್ಕಿನ್ಸನ್ ಕಾಯಿಲೆ, ವಾಸ ಅಮೆರಿಕದ ಮೇನ್ ರಾಜ್ಯದ ಕರಾವಳಿಯಾಚೆಯ ಒಂದು ದ್ವೀಪದಲ್ಲಿ.

೨. ನಗರದ ನರರೋಗ ತಜ್ಞೆ ಡಾ. ಪೆಲ್ಟಿಯೆ ನಾಲ್ಕು ವರ್ಷ ಅವರನ್ನು ವೀಡಿಯೊ ಮೂಲಕ, ಅವರ ಮನೆಯಲ್ಲೇ ಪರೀಕ್ಷಿಸಿದರು.

೩. ಅಕ್ಟೋಬರ್ ಒಂದರಿಂದ ನಿಮ್ಮ ನಿಯಮದಲ್ಲಿ ರೋಗಿಯ ಮನೆ ವಿಮೆಗೆ ಮಾನ್ಯ ಸ್ಥಳವಾಗಿ ಉಳಿಯಲಿಲ್ಲ; ದಡದಲ್ಲಿರುವ ನಮ್ಮ ಚಿಕಿತ್ಸಾಲಯ ಮಾತ್ರ ಮಾನ್ಯ.

೪. ಅಕ್ಟೋಬರ್ ಇಪ್ಪತ್ತೈದರಂದು ಆರ್ಫಾ ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

೫. ನವೆಂಬರ್ ಹನ್ನೆರಡರಂದು ನೀವು ಹಳೆಯ ನಿಯಮವನ್ನು ಹಿಂದಿನ ದಿನಾಂಕದಿಂದಲೇ, ಅಂದರೆ ಅಕ್ಟೋಬರ್ ಒಂದರಿಂದಲೇ, ಮರುಜಾರಿಗೊಳಿಸಿದಿರಿ.

ಮೂರು ಮತ್ತು ಐದು ನಿಮ್ಮ ಕಡತದಲ್ಲಿರುತ್ತವೆ. ನಾಲ್ಕು ಇರಲಾರದು, ಆದ್ದರಿಂದ ಈ ಪತ್ರ.

ನಾನು ಈ ಚಿಕಿತ್ಸಾಲಯದ ಉಪಕರಣ ತಂತ್ರಜ್ಞ. ನಿಮ್ಮ ನಿಯಮ ಬದಲಾದಾಗಲೆಲ್ಲ ಇಲ್ಲಿನ ವ್ಯವಸ್ಥೆಯನ್ನು ಅದಕ್ಕೆ ಹೊಂದಿಸುವುದು ನನ್ನ ಕೆಲಸ. ಅಕ್ಟೋಬರ್‌ಗಾಗಿ ಒಂದು ಕೊಠಡಿಯನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸಿದೆ: ಸಮತಟ್ಟು ನೆಲ, ಒಳ್ಳೆಯ ಬೆಳಕು, ಗಾಲಿಕುರ್ಚಿಗೆಂದೇ ಮಾಡಿದ ನಲವತ್ತೆರಡು ಇಂಚಿನ ಬಾಗಿಲು. ಹದಿನಾಲ್ಕರಂದು ಆರ್ಫಾ ಅಂಚೆದೋಣಿಯಲ್ಲಿ ಒಂದು ಗಂಟೆ ಪ್ರಯಾಣ ಮಾಡಿ ಬಂದು, ನಗರದಲ್ಲಿ ತಮ್ಮ ಎಂದಿನ ಕುರ್ಚಿಯಲ್ಲೇ ಕುಳಿತಿದ್ದ ವೈದ್ಯೆಯನ್ನು ನನ್ನ ಪರದೆಯಲ್ಲಿ ಕಂಡರು. ಈ ಪ್ರಯಾಣದಿಂದ ವೈದ್ಯೆ ರೋಗಿಗೆ ಎಷ್ಟು ಹತ್ತಿರವಾದರು ಎಂಬುದನ್ನು ತಾವೇ ಅಳೆಯಬೇಕು. ನನ್ನ ಬಳಿ ಅಂಥ ಉಪಕರಣವಿಲ್ಲ.

"ಬಾಗಿಲ ತನಕ ಹೋಗಿ ಬನ್ನಿ ಆರ್ಫಾ," ಎಂದರು ವೈದ್ಯೆ. ಆರ್ಫಾ ಸರಾಗವಾಗಿ ಹೋಗಿ ಬಂದರು.

"ಪರವಾಗಿಲ್ವೇ! ಹೋದ ಸಲಕ್ಕಿಂತ ಎಷ್ಟೋ ಚೆನ್ನಾಗಿ ನಡೀತಿದೀರಿ."

"ಇಲ್ಲಿ ನಡೀತೀನಿ ಡಾಕ್ಟ್ರೇ. ಆದ್ರೆ ನಾನು ಇಲ್ಲಿ ಸಂಸಾರ ಮಾಡ್ತಿಲ್ವಲ್ಲ!"

ಎಲ್ಲರೂ ನಕ್ಕೆವು. ಮಾತ್ರೆಯ ಪ್ರಮಾಣ ಇದ್ದಂತೆಯೇ ಉಳಿಯಿತು.

ಈ ಕಾಯಿಲೆಯವರ ಪಾದಗಳು ಇಕ್ಕಟ್ಟಾದ ಬಾಗಿಲಲ್ಲಿ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತವೆ. ವಿಶಾಲವಾದ ಕೊಠಡಿಯಲ್ಲಿ ಅದು ಕಾಣಿಸದೇ ಹೋಗಬಹುದು. ನಾಲ್ಕು ವರ್ಷ ವೈದ್ಯೆ ನೋಡುತ್ತಿದ್ದದ್ದು ಆರ್ಫಾ ಮನೆಯ ಉಗ್ರಾಣದ ಬಾಗಿಲನ್ನು ದಾಟುವುದನ್ನೇ. ನಮ್ಮಲ್ಲಿಗೆ ಬಂದುಹೋದ ಹನ್ನೊಂದು ದಿನದ ನಂತರ ಅವರು ಬಿದ್ದದ್ದೂ ಅಲ್ಲೇ. ಆಮೇಲೆ ನಾನು ದ್ವೀಪಕ್ಕೆ ಹೋಗಿ ಆ ಬಾಗಿಲನ್ನು ಅಳೆದೆ. ಇಪ್ಪತ್ತೆರಡು ಇಂಚು. ಆರ್ಫಾ ಆಡಿದ ಮಾತು ನನಗೂ ಕೇಳಿಸಿತ್ತು. ಕೇಳಿಸಿದ ದಿನವೇ ಅಳೆಯಬೇಕಿತ್ತು.

ಆಸ್ಪತ್ರೆಯಲ್ಲಿ ನಿಮ್ಮ ನವೆಂಬರ್ ಆದೇಶವನ್ನು ಅವರಿಗೆ ಓದಿ ಹೇಳಿದೆ.

"ಹಿಂದಿನ ತಾರೀಕಿನಿಂದಲೇ ಅಂತಾ?" ಎಂದರು. "ಹಾಗಾದ್ರೆ ನನ್ನ ಸೊಂಟದ್ದೂ ಒಂದು ಅರ್ಜಿ ಗುಜರಾಯಿಸಯ್ಯಾ ಲೊರೆನ್. ಸೆಪ್ಟೆಂಬರ್‌ನಲ್ಲಿ ಹೆಂಗಿತ್ತೋ ಹಂಗೇ ಕೊಟ್ರೆ ಸಾಕು."

ಅರ್ಜಿಯ ನಮೂನೆ ನನಗೆ ಸಿಗಲಿಲ್ಲ. ತಮ್ಮಲ್ಲಿದ್ದರೆ ಕಳುಹಿಸಿಕೊಡಬೇಕು. ನಿಮ್ಮ ಆದೇಶದಂತೆ ಆ ನಲವತ್ತೆರಡು ದಿನವೂ ಆರ್ಫಾರ ಮನೆ ಮಾನ್ಯ ಸ್ಥಳವೇ ಆಗಿತ್ತು. ಹಾಗಾದರೆ ಆ ದೋಣಿಯಲ್ಲಿ ಬಂದದ್ದು ಯಾರು?

ಹಳೆಯ ನಿಯಮಕ್ಕೆ ನೀವು ಕೊಟ್ಟ ಈಗಿನ ವಿಸ್ತರಣೆ ಜನವರಿ ಮೂವತ್ತಕ್ಕೆ ಮುಗಿಯುತ್ತದೆ. ಆರ್ಫಾ ಊರುಗೋಲು ಹಿಡಿದು ಅದೇ ಮನೆಗೆ ಮರಳಿದ್ದಾರೆ. ಫೆಬ್ರವರಿ ಮೂರಕ್ಕೆ ಅವರ ಮುಂದಿನ ತಪಾಸಣೆ. ಇನ್ನೊಮ್ಮೆ ಬಿದ್ದರೆ ಅವರು ಆ ಮನೆಯಲ್ಲಿ ಒಬ್ಬರೇ ಇರುವಂತಿಲ್ಲ ಎಂದು ಶಸ್ತ್ರವೈದ್ಯರು ಹೇಳಿದ್ದಾರೆ. ರೋಗಿ ಬದುಕುವ ಜಾಗವನ್ನು ಚಿಕಿತ್ಸೆಯ ಜಾಗವೆಂದು ಶಾಶ್ವತವಾಗಿ ಒಪ್ಪಿಕೊಳ್ಳಿ. ಒಪ್ಪುವುದಿಲ್ಲವೆಂದಾದರೆ ಕಾರಣವನ್ನು ಬರೆದು ಸಹಿ ಹಾಕಿ, ಗಡುವಿಗೆ ಮೊದಲೇ ತಿಳಿಸಿ. ಇದು ನನ್ನ ಒತ್ತಾಯ.

ಆ ಕೊಠಡಿಯನ್ನು ಮತ್ತೆ ಸಿದ್ಧಪಡಿಸಲು ನಮ್ಮ ಆಡಳಿತ ನನಗೆ ಸೂಚಿಸಿದೆ. ಸಿದ್ಧಪಡಿಸುವುದಿಲ್ಲ ಎಂದು ಲಿಖಿತವಾಗಿ ತಿಳಿಸಿದ್ದೇನೆ. ನಿಮ್ಮ ನಿಯಮ ಏನೇ ಹೇಳಲಿ, ಫೆಬ್ರವರಿ ಮೂರರ ತಪಾಸಣೆ ಆರ್ಫಾ ಅವರ ಮನೆಯಲ್ಲೇ ನಡೆಯುತ್ತದೆ. ವೈದ್ಯೆ ಒಪ್ಪಿದ್ದಾರೆ.

ಇಂತಿ,
ನಿಯಮ ಪಾಲಿಸಿಯೇ ತಪ್ಪು ಮಾಡಿದ
ಲೊರೆನ್ ಡೈಯರ್