ಹರಿಹರದ ಹೊಳೆ ದಾಟದವನು

ಮಾಲತೇಶ,

ಆನ್‌ಲೈನ್ ಮೋಸದ ಕೇಸಲ್ಲಿ ನಿನ್ನನ್ನ ಅಮೆರಿಕಕ್ಕೆ ಒಪ್ಪಿಸಬಹುದು ಅಂತ ದಿಲ್ಲಿ ಕೋರ್ಟು ಹೇಳೈತೆ. ವಕೀಲ್ರು ಇವತ್ತು ದಾವಣಗೆರೆ ಮನೆಗೇ ಬಂದು ಆದೇಶ ಓದಿದ್ರು.

"ಇಲ್ಲಿ ಕೂತು ಮಾಡಿದ್ದಕ್ಕೆ ಇಲ್ಲೇ ಜೈಲಿಗೆ ಹಾಕ್ಲಿ. ಅಲ್ಲಿಗ್ಯಾಕ ಕಳಿಸ್ತಾರೆ?" ಅಂತ ಜಗಳ ಆಡ್ದೆ.

"ದುಡ್ಡು ಕಳ್ಕೊಂಡೋರೆಲ್ಲ ಅಲ್ಲಿನ ಮುದುಕರಮ್ಮ" ಅಂದ್ರು.

ಆಮೇಲೆ ನಾನು ಪೊಲೀಸರಿಗೆ ಕೊಟ್ಟ ಹೇಳಿಕೆ ಓದಿದ್ರು. ನಿನ್ನ ಉಳಿಸೋಕೆ ಅಂತಲೇ ಹೇಳಿದ್ದು: "ನನ್ನ ತಮ್ಮ ಹರಿಹರದ ಹೊಳೆ ದಾಟಿದವನಲ್ಲ ಸಾರ್. ಮೂರು ವರ್ಷದಿಂದ ಆ ರೂಮಲ್ಲೇ ಕಂಪ್ಯೂಟರ್ ಮುಂದೆ ಇರ್ತಾನೆ. ಒಳಗೆ ಯಾರನ್ನೂ ಬಿಡಲ್ಲ. ನಾನೂ ತಟ್ಟೆ ಹೊಸ್ತಿಲಲ್ಲಿಟ್ಟು ಬರ್ತೀನಿ."

ಆ ಕಂಪ್ಯೂಟರು ಮುಟ್ಟಿದವನು ನೀನೊಬ್ಬನೇ ಅನ್ನೋಕೆ ಅದೇ ಸಾಕ್ಷಿಯಂತೆ.

"ಜೈಲಲ್ಲಿ ತಮ್ಮನ್ನ ನೋಡೋಕೆ ಹೋಗ್ತೀನಿ, ಏನಾದ್ರೂ ಹೇಳ್ಬೇಕಾ?" ಅಂತ ವಕೀಲ್ರು ಕೇಳಿದ್ರು. ಹೊತ್ತಿಗೆ ಸರಿಯಾಗಿ ಉಣ್ಣಾಕೆ ಹೇಳ್ರಿ ಅಂದೆ.

ಅಕ್ಕ