ಸುಗುಣಿಯ ಚಿಪ್ಪಿನ ಬುಟ್ಟಿ

ಗಂಗೊಳ್ಳಿಯ ಮೇಲುದಿಬ್ಬ
ಆಷಾಢದ ಎಪ್ಪತ್ತೊಂದನೆಯ ದಿನ, ೨೨೯೬

ಇನ್ನೂರೆಪ್ಪತ್ತು ವರ್ಷ ಹಿಂದಿನ ಹಿರಿಯರಿಗೆ ನಾಗುವೇಣಿ ಖಾರ್ವಿ ಮಾಡುವ ವಂದನೆಗಳು.

ದಿನಾಂಕ ನೋಡಿ, ಬರೆದವಳಿಗೆ ಲೆಕ್ಕ ಬಾರದು ಎಂದುಕೊಳ್ಳಬೇಡಿ. ಮಳೆ ಬರುವ ತನಕ ನಾವು ಆಷಾಢವನ್ನು ಮುಗಿಸುವುದಿಲ್ಲ. ಕೆಲವು ವರ್ಷ ಅದು ಹತ್ತೇ ದಿನಕ್ಕೆ ಮುಗಿಯುತ್ತದೆ, ಕೆಲವು ವರ್ಷ ದೀಪಾವಳಿಯನ್ನೂ ನುಂಗುತ್ತದೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕೆಲವು ಪದಗಳೂ ನಮಗೆ ಹಾಗೆಯೇ. ತಂಗಾಳಿ ಎಂದರೇನೆಂದು ಮಗಳಿಗೆ ವಿವರಿಸಲು ಹೋಗಿ ನಾನೇ ಸೋತೆ.

ನಿಮ್ಮ ಕಾಲದಲ್ಲಿ ಏರಿದ ಬಿಸಿಯ ಬಹುಪಾಲನ್ನು ಕಡಲು ಒಳಗಿಟ್ಟುಕೊಂಡಿತು. ಕೊಟ್ಟದ್ದನ್ನೆಲ್ಲ ಬೇಡವೆನ್ನದೆ ಉಣ್ಣುವ ನೆಂಟನಂತೆ ನೀವು ಅದನ್ನು ಕಂಡಿರಿ. ಆ ಬಿಸಿ ಈಗ ಹೊರಬರುತ್ತಿದೆ. ಅದಕ್ಕೆ ಮರುಬಿಸಿ ಎನ್ನುತ್ತೇವೆ. ಸಂಜೆಯ ಹೊತ್ತು ಅದು ನೀರಿನಿಂದೆದ್ದು ಬೀದಿಗೆ ಬರುತ್ತದೆ. ಆಗ ನಾವು ಕೆಂಪುಕಲ್ಲನ್ನು ಕೊರೆದು ಮಾಡಿದ ತಗ್ಗುಕೋಣೆಗೆ ಇಳಿಯುತ್ತೇವೆ. ಗಂಜಿ, ಹಪ್ಪಳ, ಜಗಳ ಎಲ್ಲವೂ ಅಲ್ಲಿಯೇ. ಬೂತಾಯಿ ಮೀನು ತಂಪು ನೀರು ಹುಡುಕಿಕೊಂಡು ಬಡಗಣ ಕಡಲಿಗೆ ಹೋಗಿ ತಲೆಮಾರುಗಳೇ ಆದವು. ಗುಜರಾತಿಗೆ ಮದುವೆಯಾಗಿ ಹೋಯಿತು, ತವರಿಗೆ ಬರುವುದಿಲ್ಲ ಎಂದು ನಮ್ಮ ಹೆಂಗಸರು ನಗೆಯಾಡುತ್ತಾರೆ. ನಗೆಯಾಡದಿದ್ದರೆ ಅಳಬೇಕಾಗುತ್ತದೆ.

ಕಡಲು ನುಂಗಿದ್ದು ಬಿಸಿಯನ್ನು ಮಾತ್ರ ಅಲ್ಲ, ನಿಮ್ಮ ಹೊಗೆಯನ್ನೂ. ಅದು ಕರಗಿ ನೀರಿನ ಹುಳಿ ಏರಿತು. ನಾಲಗೆಗೆ ತಿಳಿಯದ ಹುಳಿ, ಮಳಿಗೆ ಮಾತ್ರ ತಿಳಿಯುತ್ತದೆ. ಮಳಿ ಎಂದರೆ ಹೊಳೆಬಾಯಿಯ ಕೆಸರಿನಲ್ಲಿ ಬದುಕುವ ಕಪ್ಪೆಚಿಪ್ಪು. ಅದೇ ನಮ್ಮ ಊಟ. ಹುಳಿ ನೀರಿನಲ್ಲಿ ಮಳಿಯ ಮರಿ ಚಿಪ್ಪು ಕಟ್ಟಲಾರದೆ ಕರಗುತ್ತದೆ. ಆದ್ದರಿಂದ ಹೊಳೆಬಾಯಿಯಲ್ಲಿ ಒಂದು ಜಾಗಕ್ಕೆ ಒಡ್ಡು ಕಟ್ಟಿ ತೊಟ್ಟಿಲು ಎಂದು ಹೆಸರಿಟ್ಟಿದ್ದೇವೆ. ನೀರಿನಲ್ಲಿ ತೇಲುವ ಮರಿ ತಳಕ್ಕಿಳಿದು ಕೂರುವ ಮೊದಲು ಹಳೆಯ ಚಿಪ್ಪನ್ನು ಒರಳಲ್ಲಿ ಕುಟ್ಟಿ ಅಲ್ಲಿನ ಕೆಸರಿಗೆ ಎರಚುತ್ತೇವೆ. ಸುಟ್ಟು ಸುಣ್ಣ ಮಾಡಿದರೆ ಮತ್ತೆ ಹೊಗೆ, ಅದು ನಮ್ಮಲ್ಲಿ ನಿಷಿದ್ಧ. ಈ ಕೆಲಸದ ಹೆಸರು ಕಡಲಿಗೆ ವೀಳ್ಯ ಕೊಡುವುದು. ಊರಿನ ವೀಳ್ಯಗಾರ್ತಿ ನಾನು.

ನಾವು ಉಂಡ ಮಳಿಯ ಚಿಪ್ಪು ಹುಳಿಗೆ ತೆಳುವಾಗಿ ಯಾತಕ್ಕೂ ಸಾಲದು; ದಪ್ಪ ಚಿಪ್ಪು ಬರುವುದು ನಿಮ್ಮಿಂದ. ನೀವು ಮಳಿ ಸುಕ್ಕ ತಿಂದು ಹಿತ್ತಿಲಿಗೆ ಎಸೆದ ರಾಶಿಗಳನ್ನು ಅಗೆದು ಅಗೆದು ಇಲ್ಲಿಯವರೆಗೆ ಬದುಕಿದೆವು. ಈ ವರ್ಷ ಕೊನೆಯ ರಾಶಿಯ ಕೆಳಗೆ ಬರೀ ಮರಳು ಕಂಡಿತು.

ಹಾಗೆಂದು ಊರಿನಲ್ಲಿ ಚಿಪ್ಪು ಇರಲಿಲ್ಲವೆಂದಲ್ಲ. ಮದುವೆಯಾಗುವ ಹುಡುಗಿ ತವರಿನಿಂದ ಒಂದು ಬುಟ್ಟಿ ಹಳೆಯ ಚಿಪ್ಪು ಒಯ್ಯುವುದು ನಮ್ಮ ಪದ್ಧತಿ. ಕಡಲಿಗೆ ವೀಳ್ಯ ತಪ್ಪದಿರಲಿ ಎಂದು ಯಾರೋ ಪುಣ್ಯಾತ್ಗಿತ್ತಿ ಶುರುಮಾಡಿದ್ದು. ಬರುಬರುತ್ತಾ ಅದು ಮನೆತನದ ಮರ್ಯಾದೆಯಾಗಿ ಮಾಡಿನ ತೊಲೆಗೆ ತೂಗಿಕೊಂಡಿತು. ಮನೆಮನೆಯಲ್ಲಿ ಬುಟ್ಟಿಗೆ ಅರಿಸಿನ ಕುಂಕುಮ, ಕೆಳಗೆ ತೊಟ್ಟಿಲಲ್ಲಿ ಕರಗುವ ಮರಿ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರೆ. ಸುಣ್ಣ ಬೇಕಾದ ಕಡೆಗೆ ನಾವು ಅದನ್ನೂ ಕೊಡಲಿಲ್ಲ.

ನನ್ನ ಮಗಳು ಸುಗುಣಿಯ ಮದುವೆ ನಿಶ್ಚಯವಾಗಿತ್ತು, ಆಷಾಢ ಮುಗಿದ ಕೂಡಲೇ. ಹುಡುಗನನ್ನು ಅವಳೇ ಮೆಚ್ಚಿದ್ದಳು. ಮರಿ ಕೂರುವ ವಾರ ಬಂದಾಗ ಅವಳು ತನ್ನ ಬುಟ್ಟಿಯನ್ನು ಇಳಿಸಿ ಒರಳಿಗೆ ಸುರಿದಳು. ನಾನು ಕೈ ಹಿಡಿದೆ.

"ಕಡ್ಲಗೇ ಮಳಿ ಇಲ್ದಿದ್ರೆ, ಈ ಬುಟ್ಟಿ ಕಂಡ್ಕಂಡ್ ಎಂತ ಮಾಡೂದ್ ಅಮ್ಮ?" ಎಂದಳು.

ನಾನು ಕೈ ಬಿಟ್ಟೆ. ಇಬ್ಬರೂ ಕುಟ್ಟಿದೆವು. ಹುಡುಗನ ತಾಯಿ ರುಕ್ಕು ಬಾಗಿಲಲ್ಲಿ ನಿಂತು ನೋಡಿ, "ಖಾಲಿ ಬುಟ್ಟಿ ಹಿಡ್ಕಂಡ್ ಬಪ್ಪು ಹೆಣ್ಣ್ ನಮ್ಗ್ ಬ್ಯಾಡ," ಎಂದು ಹೇಳಿ ಹೋದಳು. ಜೊತೆಗೆ ಬಂದಿದ್ದ ಹುಡುಗ ಅವಳ ಹಿಂದೆಯೇ ನಡೆದ. ಅದು ನನಗೆ ಇನ್ನೂ ಉರಿಯುತ್ತದೆ.

ನಿನ್ನೆ ಕಡಲಿನ ಇಳಿತದಲ್ಲಿ ತೊಟ್ಟಿಲಿಗೆ ಇಳಿದೆವು. ನಮ್ಮ ಒಂದು ಬುಟ್ಟಿ ತಾಗಿದಷ್ಟು ಕೆಸರಿನಲ್ಲಿ, ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ, ಸಾಸಿವೆ ಗಾತ್ರದ ಮರಿಗಳು ಚಿಪ್ಪು ಕಟ್ಟಿ ಕೂತಿದ್ದವು. ಅದರಾಚೆ ಏನೂ ಇರಲಿಲ್ಲ. ಸುಗುಣಿ ಕೆಸರಿನಲ್ಲಿ ಕೂತು ಅತ್ತಳು. ಸಂತೋಷಕ್ಕೋ ಸಂಕಟಕ್ಕೋ ನಾನು ಕೇಳಲಿಲ್ಲ. ಸಂಜೆಗೆ ಎರಡು ಮನೆಯವರು ಬುಟ್ಟಿ ಇಳಿಸಿದರು. ರುಕ್ಕು ಇಳಿಸಿಲ್ಲ.

ಈಗ ನನ್ನ ಕೋರಿಕೆ. ಹೊಗೆ ಕಡಿಮೆ ಮಾಡಿ ಎಂದು ನಿಮಗೆ ನಿಮ್ಮವರೇ ಸಾಕಷ್ಟು ಹೇಳಿರುತ್ತಾರೆ. ಕೇಳಿದ್ದರೆ ಈ ಪತ್ರ ಇರುತ್ತಿರಲಿಲ್ಲ. ನಾನು ಕೇಳುವುದು ಚಿಕ್ಕದು. ಇಂದು ನಿಮ್ಮ ಮನೆಯಲ್ಲಿ ಮಳಿ ಬೇಯಿಸಿದ್ದರೆ ಚಿಪ್ಪನ್ನು ಚೀಲಕ್ಕೆ ಕಟ್ಟಿ ದೂರದ ಕಸಕ್ಕೆ ಕಳಿಸಬೇಡಿ. ಮೇಲುದಿಬ್ಬದ ಮೂಡಣ ಬದಿಗೆ, ಬಂಡೆಯ ಬುಡದಲ್ಲಿ ಸುರಿಯಿರಿ. ಅಲ್ಲಿ ನಾವು ಇನ್ನೂ ಅಗೆದಿಲ್ಲ. ನಾಳೆ ಬೆಳಿಗ್ಗೆ ಸುಗುಣಿ ಖಾಲಿ ಬುಟ್ಟಿ ಹಿಡಿದು ಅಲ್ಲಿಗೆ ಹೋಗುತ್ತಾಳೆ.