ಏಳನೆಯ ಹೆಂಚು

ಮಾಲೂರು
12-3-1987

ವಿಡಿಯೊ ಅಂಗಡಿಯ ಕೋದಂಡರಾಮಪ್ಪನವರಿಗೆ ಹೆಂಚಿನ ಕಾರ್ಖಾನೆಯ ಗುಮಾಸ್ತ ಗಂಗುಲಪ್ಪನ ನಮಸ್ಕಾರಗಳು.

ಹೊಸದಾಗಿ ಸೇರುವ ಕೆಲಸಗಾರರನ್ನು ಸ್ವಾಗತಿಸಲು ನೀವು ತೆಗೆದ ಕ್ಯಾಸೆಟ್ಟನ್ನು ನಿನ್ನೆ ಎಲ್ಲರೂ ಕೂತು ನೋಡಿದೆವು. ಮ್ಯಾನೇಜರರ ಭಾಷಣ ಚೆನ್ನಾಗಿ ಬಂದಿದೆ, ಸ್ವಲ್ಪ ಉದ್ದವಾಯಿತು.

ಆಮೇಲೆ ಕ್ಯಾಸೆಟ್ಟಿನಲ್ಲಿ ಬೈರಮ್ಮನವರ ಭಾಗ ಬಂತು. ಸುಟ್ಟ ಹೆಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಸದ್ದಿನಲ್ಲೇ ಬಿರುಕು ಹಿಡಿಯುವುದು ಇಪ್ಪತ್ತಾರು ವರ್ಷದಿಂದ ಅವರ ಕೆಲಸ. ಟಿ.ವಿ.ಯಲ್ಲಿ ತಮ್ಮ ಮುಖ ಬಂದರೆ ಯಾರು ನೋಡುವುದಿಲ್ಲ? ಇವರು ಕಣ್ಣು ಮುಚ್ಚಿ ಕೂತರು. ಏಳನೆಯ ಹೆಂಚಿನ ಸದ್ದಿಗೆ, "ನಿಲ್ಸಪ್ಪ" ಎಂದರು. "ಅದು ಬಿರುಕು ಬಿಟ್ಟೈತೆ. ವಿಡಿಯೊದವ್ರು ನಗಮ್ಮ ಅಂದ್ರು, ನಕ್ಕೊಂಡು ಒಳ್ಳೇ ಹೆಂಚಿನ ಜೊತೆಗೆ ಇಟ್ಬಿಟ್ಟಿದೀನಿ. ಯಾರ ಮನೆ ಸೋರ್ತೈತೋ ಏನೋ."

ಪುಣ್ಯಕ್ಕೆ ನೀವು ವಿಡಿಯೊ ತೆಗೆದ ದಿನದ ರಾಶಿ ಇನ್ನೂ ಅಂಗಳದಲ್ಲೇ ಇತ್ತು. ಬೆಳಿಗ್ಗೆ ಅವರೇ ಒಂದೊಂದನ್ನೂ ಮತ್ತೆ ತಟ್ಟಿ ಆ ಹೆಂಚನ್ನು ಹೊರಗೆ ತೆಗೆದರು. ನನ್ನ ಕನ್ನಡಕಕ್ಕೆ ಬಿರುಕು ಕಾಣಲೇ ಇಲ್ಲ. ನೀರು ಹೊಯ್ದ ಮೇಲೆ ಕೂದಲೆಳೆಯಷ್ಟು ಕಂಡಿತು.

ಮದುವೆ ಕ್ಯಾಸೆಟ್ಟಿನ ಹಾಗೆ ಆ ಭಾಗಕ್ಕೆ ಸಿನಿಮಾ ಹಾಡು ಸೇರಿಸುತ್ತೇನೆ ಎಂದಿದ್ದಿರಿ. ದಯವಿಟ್ಟು ಬೇಡ. ಹಾಡು ಹಾಕಲೇಬೇಕಿದ್ದರೆ ಭಾಷಣದ ಮೇಲೆ ಹಾಕಿ. ಇದನ್ನು ನಾನು ಹೇಳಿದೆನೆಂದು ಮಾತ್ರ ಯಾರಿಗೂ ಹೇಳಬೇಡಿ.

ಬೈರಮ್ಮನವರು ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಾರೆ. ಏಳನೆಯ ಹೆಂಚನ್ನು ಕ್ಯಾಸೆಟ್ಟಿನಿಂದ ತೆಗೆಸಿಬಿಡೋಣವೇ ಎಂದು ಕೇಳಿದೆ.

"ಬ್ಯಾಡಪ್ಪ, ಇರ್ಲಿ" ಎಂದರು. "ನನ್ ಮುಖ ಬೇಕಾದ್ರೆ ತೆಗ್ಸು. ಹೊಸಬ್ರು ಅದೊಂದನ್ನ ಕೇಳ್ಬೇಕು."

ಇಂತಿ,
ಗಂಗುಲಪ್ಪ